ಒಂದೇ ಸಾಕ್ಷಿ ಸಾಲದು: ಸಿಲಿಕಾನ್ ಬಿಲ್ಲೆಯಲ್ಲಿ ಕಣದ ಗುರುತು

ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಬರುವ ಹೊಗೆಸೊಪ್ಪಿನಲ್ಲಿ ನಿಕೋಟಿನ್ ಇದೆ ಎಂಬುದು ಬೆಳೆಯುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಪೊಲೋನಿಯಂ-210 ಎಂಬ ವಿಕಿರಣಶೀಲ ಧಾತುವಿನ ಲವಲೇಶವೂ ಅದರಲ್ಲಿರುತ್ತದೆ ಎಂಬುದು ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ. ಇದು ಹುಣಸೂರು, ಪಿರಿಯಾಪಟ್ಟಣದ ಸೊಪ್ಪಿಗೆ ಮಾತ್ರ ಅಂಟಿದ ದೋಷವಲ್ಲ. ಜಗತ್ತಿನ ಯಾವ ಹೊಲದ ಹೊಗೆಸೊಪ್ಪಿಗೂ ಇದು ತಪ್ಪಿದ್ದಲ್ಲ. ಮಣ್ಣಿನಿಂದ ಮೇಲೇಳುವ ರೇಡಾನ್ ಅನಿಲ ಗಾಳಿಯಲ್ಲಿ ಕ್ಷಯಿಸುತ್ತಾ ಸೀಸ-210 ಆಗುತ್ತದೆ. ಅದು ಧೂಳಿನ ಜೊತೆ ಎಲೆಯ ಮೇಲಿನ ಅಂಟು ರೋಮಗಳಿಗೆ ಹತ್ತಿಕೊಳ್ಳುತ್ತದೆ. ರಂಜಕದ ಗೊಬ್ಬರದಲ್ಲಿರುವ ರೇಡಿಯಂನಿಂದಲೂ ಒಂದಷ್ಟು ಬರುತ್ತದೆ. ಸೀಸ-210ರ ಅರ್ಧಾಯು ಸುಮಾರು 22 ವರ್ಷ. ಹಾಗಾಗಿ ಎಲೆ ಬ್ಯಾರನ್‌ನಲ್ಲಿ ಹದಗೊಂಡು, ಬೇಲ್ ಆಗಿ, ಗೋದಾಮಿನಲ್ಲಿ ಕೂತಿರುವಾಗಲೂ ಅದರೊಳಗೆ ಪೊಲೋನಿಯಂ ಹುಟ್ಟುತ್ತಲೇ ಇರುತ್ತದೆ. 1964ರಲ್ಲಿ ಹಾರ್ವರ್ಡ್‌ನ ರ‍್ಯಾಡ್‌ಫರ್ಡ್ ಮತ್ತು ಹಂಟ್ ಸಿಗರೇಟಿನ ಹೊಗೆಯಲ್ಲಿ ಇದನ್ನು ತೋರಿಸಿಕೊಟ್ಟರು.

ಲವಲೇಶ ಎಂದೆ. ಅಷ್ಟು ಕಡಿಮೆ ಇರುವುದು ಪೊಲೋನಿಯಮ್ಮೇ, ಬೇರೆಯದಲ್ಲ ಎಂದು ಹೇಳುವುದಾದರೂ ಹೇಗೆ? ಪರಮಾಣು ಬೀಜ ವಿಜ್ಞಾನದಲ್ಲಿ ನೂರು ವರ್ಷಗಳಿಂದ ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತಿರುವ ಪ್ರಶ್ನೆ ಇದು. ಒಂದು ವಿದ್ಯುದಾವಿಷ್ಟ ಕಣ ಬಂದು ಉಪಕರಣಕ್ಕೆ ಬಡಿಯಿತು, ಅದು ಯಾರು? ಪ್ರೋಟಾನೋ, ಆಲ್ಫಾವೋ, ಲಿಥಿಯಮ್ಮೋ, ಕಾರ್ಬನ್ನೋ? ಕಳೆದ ಆರು ದಶಕಗಳಲ್ಲಿ ಈ ಪ್ರಶ್ನೆಗೆ ಅತಿ ಹೆಚ್ಚು ಉತ್ತರ ಕೊಟ್ಟ ಸಾಧನಗಳಲ್ಲಿ ಮೊದಲ ಸಾಲಿನದು ಸಿಲಿಕಾನ್ ಬಿಲ್ಲೆ. ಅದು ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಹೊಗೆಸೊಪ್ಪಿನ ಪರೀಕ್ಷೆಯಿಂದಲೇ ಹೊರಡೋಣ. ಎಲೆಯನ್ನು ಆಮ್ಲದಲ್ಲಿ ಕರಗಿಸಿ, ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತಂದು, ಬಿಸಿಯಾಗಿಟ್ಟು, ಒಂದು ಬೆಳ್ಳಿಯ ಬಿಲ್ಲೆಯನ್ನು ಅದರೊಳಗೆ ಇಳಿಬಿಟ್ಟರೆ ಪೊಲೋನಿಯಂ ತಾನಾಗಿ ಬೆಳ್ಳಿಯ ಮೇಲೆ ಕೂರುತ್ತದೆ. ಆ ಬೆಳ್ಳಿಯನ್ನು ನಿರ್ವಾತದ ಡಬ್ಬಿಯಲ್ಲಿ ಸಿಲಿಕಾನ್ ಡಿಟೆಕ್ಟರ್‌ನ ಎದುರಿಗಿಡುತ್ತಾರೆ. ಪೊಲೋನಿಯಂ-210 ಹೊರಬಿಡುವ ಆಲ್ಫಾ ಕಣದ ಶಕ್ತಿ 5.304 ಮೆಗಾ ಎಲೆಕ್ಟ್ರಾನ್‌ವೋಲ್ಟ್, ಅಂದರೆ ಪ್ರಯೋಗಶಾಲೆಯ ಮಾತಿನಲ್ಲಿ 5.304 ಎಂಇವಿ. ಅದು ಸಿಲಿಕಾನ್‌ನೊಳಗೆ ಹೊಕ್ಕು ಇಪ್ಪತ್ತೈದು ಮೈಕ್ರೋಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ನಿಲ್ಲುವಷ್ಟರಲ್ಲಿ ತನ್ನ ಶಕ್ತಿಯನ್ನೆಲ್ಲ ಎಲೆಕ್ಟ್ರಾನ್-ರಂಧ್ರ ಜೋಡಿಗಳನ್ನು ಹುಟ್ಟಿಸುವುದಕ್ಕೆ ಸುರಿಯುತ್ತದೆ. ಒಂದು ಜೋಡಿಗೆ ಸಿಲಿಕಾನ್ ಕೇಳುವ ಬೆಲೆ ಸರಾಸರಿ 3.6 ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಅನಿಲ ತುಂಬಿದ ಡಿಟೆಕ್ಟರ್‌ನಲ್ಲಿ ಅದೇ ಕೆಲಸಕ್ಕೆ ಮೂವತ್ತರ ಹತ್ತಿರ ಬೇಕು. ಒಂದೇ ಆಲ್ಫಾ ಇಲ್ಲಿ ಹದಿನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜೋಡಿಗಳನ್ನು ಬಿಡಿಸುತ್ತದೆ. ಎಣಿಕೆ ದೊಡ್ಡದಾದಷ್ಟೂ ಏರಿಳಿತ ಚಿಕ್ಕದು. ಒಳ್ಳೆಯ ಡಿಟೆಕ್ಟರ್ ಆದರೆ 5 ಎಂಇವಿ ಕಣದ ಶಕ್ತಿಯನ್ನು 20 ಕೆಇವಿ, ಅಂದರೆ 0.02 ಎಂಇವಿ ಅಗಲದೊಳಗೆ ಹಿಡಿದು ಹೇಳುತ್ತದೆ. ಸಿಲಿಕಾನ್‌ನ ಜಯವೆಲ್ಲ ಈ ಸೂಕ್ಷ್ಮತೆಯಲ್ಲಿದೆ.

ಆದರೆ ಡಿಟೆಕ್ಟರ್ ಹೇಳಿದ್ದು ಇಷ್ಟೇ: 5.30 ಎಂಇವಿ ಶಕ್ತಿ ನನ್ನೊಳಗೆ ಬಿತ್ತು. ಅದು ಆಲ್ಫಾ ಎಂದು ಡಿಟೆಕ್ಟರ್ ಹೇಳಲಿಲ್ಲ. ಬೆಳ್ಳಿಯ ಮೇಲೆ ಏನು ಕೂರುತ್ತದೆ ಎಂಬ ರಸಾಯನಶಾಸ್ತ್ರ ಅದನ್ನು ಮೊದಲೇ ಹೇಳಿತ್ತು. ರಸಾಯನದ ನೆರವಿಲ್ಲದಿದ್ದರೆ ಏನಾಗುತ್ತದೆ ನೋಡಿ: ಪ್ಲುಟೋನಿಯಂ-238ರ ಆಲ್ಫಾ 5.499 ಎಂಇವಿ, ಅಮೆರಿಸಿಯಂ-241ರದು 5.486. ನಡುವಿನ ಅಂತರ 13 ಕೆಇವಿ. ಡಿಟೆಕ್ಟರ್‌ನ ಅಸ್ಪಷ್ಟತೆಯೇ ಅದಕ್ಕಿಂತ ಹೆಚ್ಚು. ಎರಡು ಬೇರೆ ಧಾತುಗಳು ಒಂದೇ ದಿಬ್ಬವಾಗಿ ಕಾಣುತ್ತವೆ. ಮೊದಲೇ ಬೇರ್ಪಡಿಸದೆ ಅಳೆದವರಿಗೆ ಉತ್ತರ ಸಿಗುವುದಿಲ್ಲ. ಹರಾಜು ಕಟ್ಟೆಯಲ್ಲಿ ಸೊಪ್ಪಿನ ದರ್ಜೆ ನಿರ್ಧರಿಸುವಾಗ ಬಣ್ಣವನ್ನು ಕಣ್ಣಿನಿಂದ ನೋಡಿ, ಎಲೆಯ ಮೈಯನ್ನು ಬೆರಳಿನಿಂದ ಮುಟ್ಟಿ, ಎರಡನ್ನೂ ಸೇರಿಸಿ ಹೇಳುತ್ತಾರಲ್ಲ, ಇಲ್ಲಿಯೂ ಹಾಗೆಯೇ. ಕಣವನ್ನು ಗುರುತಿಸುವ ಎಲ್ಲ ವಿಧಾನಗಳನ್ನೂ ಬಿಚ್ಚಿ ನೋಡಿದಾಗ ನನಗೆ ಕಂಡ ಎಳೆ ಇದೊಂದೇ: ಒಂದು ಅಳತೆಗೆ ಗುರುತು ಸಿಗುವುದಿಲ್ಲ, ಮೊದಲನೆಯದರ ಹಂಗಿಲ್ಲದ ಎರಡನೆಯ ಸಾಕ್ಷಿ ಬೇಕು. ವಿಧಾನಗಳ ನಡುವಿನ ವ್ಯತ್ಯಾಸವೆಂದರೆ ಆ ಎರಡನೆಯ ಸಾಕ್ಷಿಯನ್ನು ಎಲ್ಲಿಂದ ಕರೆತರುತ್ತಾರೆ ಎಂಬುದಷ್ಟೇ.

ಒಂಟಿ ಬಿಲ್ಲೆಯ ಮಿತಿಗೆ ನಮ್ಮದೇ ಒಂದು ಉದಾಹರಣೆ ಇದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ ಬಲ್ಗೇರಿಯಾದವರು ಮಾಡಿಕೊಟ್ಟ ರಾಡಾಮ್ ಎಂಬ ಪುಟ್ಟ ಉಪಕರಣವಿತ್ತು. ಅದರ ಹೃದಯ 0.3 ಮಿಲಿಮೀಟರ್ ದಪ್ಪದ ಒಂದೇ ಸಿಲಿಕಾನ್ ತುಂಡು. ಭೂಮಿಯ ವಿಕಿರಣ ಪಟ್ಟಿಗಳನ್ನು ದಾಟುವಾಗ, ಚಂದ್ರನ ಸುತ್ತ ತಿರುಗುವಾಗ ಎಷ್ಟು ವಿಕಿರಣ ಬೀಳುತ್ತದೆ ಎಂದು ಅದು ಅಳೆಯಿತು. ಗಗನಯಾತ್ರಿಗಳ ಸುರಕ್ಷತೆಗೆ ಬೇಕಾದ ಲೆಕ್ಕಕ್ಕೆ ಅದು ಸಾಕು. ಬಿದ್ದ ಕಣಗಳು ಯಾವುವು ಎಂದು ಒಂದೊಂದಾಗಿ ಹೆಸರು ಹಿಡಿಯುವುದು ಒಂಟಿ ಬಿಲ್ಲೆಯ ಕೈಯಲ್ಲಿ ಆಗದು. 0.3 ಮಿಲಿಮೀಟರ್ ಸಿಲಿಕಾನ್ ಸುಮಾರು 6 ಎಂಇವಿವರೆಗಿನ ಪ್ರೋಟಾನನ್ನು ನಿಲ್ಲಿಸುತ್ತದೆ, ಅದಕ್ಕೂ ಜೋರಾದದ್ದು ಒಂದಿಷ್ಟು ಶಕ್ತಿ ಬಿಟ್ಟು ಆಚೆ ಹೊರಟುಹೋಗುತ್ತದೆ. ಒಳಗೆ ಬಿದ್ದ 2 ಎಂಇವಿ, ನಿಧಾನವಾಗಿ ಬಂದು ನಿಂತ ಪ್ರೋಟಾನಿನದೂ ಇರಬಹುದು, ವೇಗವಾಗಿ ತೂರಿಹೋದ ಹೆಚ್ಚು ಆವೇಶದ ಕಣದ್ದೂ ಇರಬಹುದು.

ಸಿಲಿಕಾನ್‌ಗೂ ಮುಂಚೆ ಎರಡನೆಯ ಸಾಕ್ಷಿಯನ್ನು ಎಂಥೆಂಥ ಕಡೆಯಿಂದ ತಂದಿದ್ದರು ಎಂದು ನೆನೆದರೆ ಗೌರವ ಮೂಡುತ್ತದೆ. ಆಲ್ಫಾ ಎಂದರೆ ಹೀಲಿಯಂ ಎಂದು ರುದರ್‌ಫರ್ಡ್ ಮತ್ತು ರಾಯ್ಡ್ಸ್ 1908-09ರಲ್ಲಿ ಸಾಧಿಸಿದ್ದು ಆಲ್ಫಾ ತೂರಬಲ್ಲಷ್ಟು ತೆಳುವಾದ ಗಾಜಿನ ಕೊಳವೆಯಿಂದ, ಆಚೆ ಸಂಗ್ರಹವಾದ ಅನಿಲದ ಬೆಳಕಿನ ಗೆರೆಗಳಿಂದ. ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ 1951ರಲ್ಲಿ ಹೋಮಿ ಭಾಭಾ ಅವರ ಪ್ರೇರಣೆಯಿಂದ ಕೋಲಾರದ ಚಿನ್ನದ ಗಣಿಗಿಳಿದು, ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ಕಣಗಳಾದ ಮ್ಯುಯಾನ್‌ಗಳನ್ನು ಅಳೆಯತೊಡಗಿದರು. ಅಲ್ಲಿ ಸಾಕ್ಷಿ ಹೇಳಿದ್ದು ಬಂಡೆಯೇ. ಬೇರೆ ಕಣಗಳು ಮೇಲೆಯೇ ಸತ್ತುಹೋಗುವಷ್ಟು ಆಳದಲ್ಲಿ ಬಂದು ಮುಟ್ಟಿದ್ದು ಮ್ಯುಯಾನ್. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಅದಕ್ಕೆ ದಿಕ್ಕು ಎಂಬ ಇನ್ನೊಂದು ಸಾಕ್ಷಿ ಸೇರಿತು. ವಾತಾವರಣದಿಂದ ನೇರ ಇಳಿಯುವ ಮ್ಯುಯಾನ್‌ಗಳು ಮೇಲಿನಿಂದ ಬರಬೇಕು. ಅಡ್ಡಡ್ಡ ಬಂದ ಜಾಡು ಸುತ್ತಲಿನ ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿದ್ದೇ ಇರಬೇಕು. ವಾತಾವರಣದ ನ್ಯೂಟ್ರಿನೊಗಳು ಜಗತ್ತಿನಲ್ಲಿ ಮೊದಲು ಕಂಡ ಕಡೆಗಳಲ್ಲಿ ಕೋಲಾರವೂ ಒಂದಾದದ್ದು ಹೀಗೆ. ಸಿಲಿಕಾನ್ ಟೆಲಿಸ್ಕೋಪ್‌ನ ಒಳತರ್ಕ ಆ ಗಣಿಯಲ್ಲೂ ಇತ್ತು. ಅಲ್ಲಿ ಕಿಲೋಮೀಟರುಗಳಲ್ಲಿದ್ದ ದಪ್ಪ ಇಲ್ಲಿ ಮೈಕ್ರೋಮೀಟರುಗಳಿಗೆ ಇಳಿಯಿತು.

ಆ ಟೆಲಿಸ್ಕೋಪ್ ಎಂದರೆ ಮಸೂರವಿರುವ ದೂರದರ್ಶಕವಲ್ಲ. ಒಂದರ ಹಿಂದೊಂದು ನಿಲ್ಲಿಸಿದ ಎರಡು ಬಿಲ್ಲೆಗಳು. ಮುಂದಿನದು ತೆಳು, ಹಿಂದಿನದು ದಪ್ಪ. ಕಣ ತೆಳುವನ್ನು ತೂರಿಕೊಂಡು ಹೋಗುವಾಗ ಕಳೆದುಕೊಳ್ಳುವ ಚೂರು ಶಕ್ತಿಗೆ ಡೆಲ್ಟಾ-ಇ ಎನ್ನುತ್ತಾರೆ. ದಪ್ಪದರಲ್ಲಿ ನಿಂತಾಗ ಉಳಿದದ್ದೆಲ್ಲ ಸಿಗುತ್ತದೆ, ಅದು ಇ. 1913ರಲ್ಲಿ ಬೋರ್ ಹಾಕಿದ ಲೆಕ್ಕವನ್ನು 1930ರಲ್ಲಿ ಬೆಥೆ ಕ್ವಾಂಟಂ ನೆಲೆಯಲ್ಲಿ ನಿಲ್ಲಿಸಿದರು: ಕಣ ದಾರಿಯುದ್ದಕ್ಕೂ ಕಳೆದುಕೊಳ್ಳುವ ಶಕ್ತಿ ಅದರ ಆವೇಶದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುಕಡಿಮೆ ಇಳಿಯುತ್ತದೆ. ವೇಗದ ವರ್ಗವನ್ನು ಶಕ್ತಿ ಮತ್ತು ದ್ರವ್ಯರಾಶಿಗೆ ಬದಲಿಸಿಕೊಂಡರೆ, ಡೆಲ್ಟಾ-ಇ ಮತ್ತು ಒಟ್ಟು ಶಕ್ತಿಯ ಗುಣಲಬ್ಧ ಆಯಾ ಕಣಕ್ಕೆ ಸರಿಸುಮಾರು ಸ್ಥಿರ. ಆ ಸ್ಥಿರಾಂಕ ದ್ರವ್ಯರಾಶಿಯನ್ನು ಆವೇಶದ ವರ್ಗದಿಂದ ಗುಣಿಸಿದಾಗ ಸಿಗುವ ಸಂಖ್ಯೆಗೆ ತಕ್ಕಂತೆ ಇರುತ್ತದೆ. ಪ್ರೋಟಾನಿಗೆ ಅದನ್ನು 1 ಎಂದಿಟ್ಟುಕೊಂಡರೆ ಭಾರದ ಹೈಡ್ರೋಜನ್ ಬೀಜಗಳಾದ ಡ್ಯೂಟೆರಾನ್‌ಗೆ 2, ಟ್ರೈಟಾನ್‌ಗೆ 3, ಹೀಲಿಯಂ-3ಕ್ಕೆ 12, ಆಲ್ಫಾಗೆ 16, ಲಿಥಿಯಂ-6ಕ್ಕೆ 54, ಲಿಥಿಯಂ-7ಕ್ಕೆ 63. ಒಂದು ಅಕ್ಷದಲ್ಲಿ ಇ, ಇನ್ನೊಂದರಲ್ಲಿ ಡೆಲ್ಟಾ-ಇ ಹಾಕಿ ಪ್ರತಿ ಕಣಕ್ಕೂ ಒಂದು ಚುಕ್ಕಿ ಇಡುತ್ತಾ ಹೋದರೆ, ಕೆಲವೇ ನಿಮಿಷದಲ್ಲಿ ಪರದೆಯ ಮೇಲೆ ಬಾಗಿದ ಪಟ್ಟೆಗಳು ಮೂಡುತ್ತವೆ. ಒಂದೊಂದು ಪಟ್ಟೆ ಒಂದೊಂದು ಕಣ. ಪರಮಾಣು ಬೀಜ ವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಚಿತ್ರ ನನಗೆ ಗೊತ್ತಿಲ್ಲ.

ಅಂಕಿಯಲ್ಲಿ ಹೇಳುವುದಾದರೆ, 20 ಎಂಇವಿಯ ಪ್ರೋಟಾನ್ 50 ಮೈಕ್ರೋಮೀಟರ್ ಸಿಲಿಕಾನ್‌ನಲ್ಲಿ ಕಾಲು ಎಂಇವಿಗಿಂತ ತುಸು ಕಡಿಮೆ ಬಿಡುತ್ತದೆ. ಅಷ್ಟೇ ಶಕ್ತಿಯ ಆಲ್ಫಾ ಮೂರು ಎಂಇವಿಯ ಹತ್ತಿರ ಬಿಡುತ್ತದೆ. ಸರಳ ಸೂತ್ರ 16 ಪಟ್ಟು ಎನ್ನುತ್ತದೆ, ನಿಜದಲ್ಲಿ ಸಿಗುವುದು ಸುಮಾರು 12 ಪಟ್ಟು. ಬೆಥೆಯ ಸೂತ್ರದೊಳಗಿನ ಲಾಗರಿದಮ್ ಉಳಿದದ್ದನ್ನು ನುಂಗುತ್ತದೆ. ಈ ಬಾಗನ್ನು ನೇರ ಮಾಡಲು ಬರ್ಕ್ಲಿಯ ಗೋಲ್ಡಿಂಗ್ ಮತ್ತು ಸಂಗಡಿಗರು 1964ರಲ್ಲಿ ಒಂದು ಉಪಾಯ ಕಂಡುಕೊಂಡರು. ಕಣ ಕ್ರಮಿಸುವ ದೂರ ಅದರ ಶಕ್ತಿಯ 1.73ನೇ ಘಾತಕ್ಕೆ ತಕ್ಕಂತಿದೆ ಎಂದು ಹಿಡಿದರೆ, ಎರಡು ಬಿಲ್ಲೆಗಳ ಅಳತೆಯಿಂದ ಶಕ್ತಿಯ ಹಂಗಿಲ್ಲದ ಒಂದೇ ಗುರುತಿನ ಸಂಖ್ಯೆ ಸಿಗುತ್ತದೆ. ಕಂಪ್ಯೂಟರ್ ದುಬಾರಿಯಾಗಿದ್ದ ಕಾಲದಲ್ಲಿ ಆ ಲೆಕ್ಕವನ್ನು ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗಳೇ ಮಾಡುತ್ತಿದ್ದವು.

ಈ ಟೆಲಿಸ್ಕೋಪ್ ಹೆಚ್ಚು ನೆರವಾಗುವ ಒಂದು ಕಡೆ ಬೀಜದ ವಿದಳನ. ಯುರೇನಿಯಂ ಬೀಜ ಸಿಡಿಯುವಾಗ ಸಾಮಾನ್ಯವಾಗಿ ಎರಡು ಹೋಳಾಗುತ್ತದೆ. ಕೆಲವು ನೂರರಲ್ಲಿ ಒಮ್ಮೆ ಮೂರನೆಯ ಹಗುರ ಕಣವೊಂದು ಹಾರುತ್ತದೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಟ್ರಾಂಬೆಯಲ್ಲಿ ಕಟ್ಟಿದ ವಿದಳನ ಸಂಶೋಧನೆಯ ಪರಂಪರೆಗೆ ಇಂಥ ಹಗುರ ಕಣಗಳು ಮುಖ್ಯ ವಸ್ತುವಾಗಿದ್ದವು. ಆ ಮೂರನೆಯದು ಹೆಚ್ಚಿನ ಸಲ ಆಲ್ಫಾ, ಆಗೀಗ ಟ್ರೈಟಾನ್, ಅಪರೂಪಕ್ಕೆ ಇನ್ನೂ ಭಾರದ್ದು. ಟೆಲಿಸ್ಕೋಪ್ ಇಲ್ಲದೆ ಅವನ್ನು ಬೇರೆಬೇರೆ ಎಣಿಸುವುದು ಬಲು ಕಷ್ಟ. ಅದೇ ಪರಂಪರೆಯ ಎಸ್.ಎಸ್. ಕಪೂರ್ ಮತ್ತು ವಿ.ಎಸ್. ರಾಮಮೂರ್ತಿ ಬರೆದ ವಿಕಿರಣ ಡಿಟೆಕ್ಟರ್‌ಗಳ ಪಠ್ಯವನ್ನು ನಮ್ಮ ಎಂಎಸ್ಸಿ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಈ ಸುಂದರ ವಿಧಾನಕ್ಕೂ ಮೋಸ ಹೋಗುವ ಗಳಿಗೆಗಳಿವೆ. ಬೆರಿಲಿಯಂ-8 ಎಂಬ ಬೀಜ ಹುಟ್ಟಿದ ಕೂಡಲೇ ಎರಡು ಆಲ್ಫಾಗಳಾಗಿ ಒಡೆಯುತ್ತದೆ. ಅವು ಒಟ್ಟೊಟ್ಟಿಗೆ, ಪಕ್ಕಪಕ್ಕದಲ್ಲಿ ಹಾರಿ ಒಂದೇ ಟೆಲಿಸ್ಕೋಪ್‌ಗೆ ಬಡಿದವು ಎನ್ನಿ. ಒಟ್ಟು ಶಕ್ತಿಯಲ್ಲಿ ಒಂದೊಂದರ ಪಾಲು ಅರ್ಧ. ಅರ್ಧ ಶಕ್ತಿಯ ಆಲ್ಫಾ ತೆಳು ಬಿಲ್ಲೆಯಲ್ಲಿ ಎರಡರಷ್ಟು ಬಿಡುತ್ತದೆ, ಅಂಥವು ಎರಡು. ಗುರುತಿನ ಸಂಖ್ಯೆ 16ರಿಂದ ನಾಲ್ಕು ಪಟ್ಟಾಗಿ 64ಕ್ಕೆ ಏರುತ್ತದೆ. ಲಿಥಿಯಂ-7ರದು 63! ಎರಡು ಆಲ್ಫಾಗಳು ಲಿಥಿಯಂ-7ರ ಪಟ್ಟೆಯ ಮೇಲೆ ಹೋಗಿ ಕೂರುತ್ತವೆ. ಇಲ್ಲಿ ಶಕ್ತಿ ಮತ್ತು ಶಕ್ತಿನಷ್ಟ ಎರಡೂ ಸೇರಿ ಸುಳ್ಳು ಹೇಳುತ್ತಿವೆ. ಕಣ ಎಲ್ಲಿ ಬಿತ್ತು ಎಂಬ ಮೂರನೆಯ ಸಾಕ್ಷಿ ಬಂದರೆ ಮಾತ್ರ ಬಿಡುಗಡೆ.

ಪಟ್ಟಿ ಡಿಟೆಕ್ಟರ್‌ಗಳು ಅಗತ್ಯವಾಗುವುದು ಇಂಥಲ್ಲಿ. 1980ರಲ್ಲಿ ಮ್ಯೂನಿಕ್‌ನ ಜೋಸೆಫ್ ಕೆಮ್ಮರ್ ಚಿಪ್ ತಯಾರಿಕೆಯ ಪ್ಲೇನಾರ್ ತಂತ್ರವನ್ನು ಡಿಟೆಕ್ಟರ್‌ಗಳಿಗೆ ಅಳವಡಿಸಿದರು. ಅಲ್ಲಿಯವರೆಗೆ ಚಿನ್ನದ ತೆಳು ಲೇಪ ಕೊಟ್ಟು ಒಂದೊಂದಾಗಿ ಮಾಡುತ್ತಿದ್ದ ಬಿಲ್ಲೆಗಳನ್ನು ಈಗ ಅಚ್ಚು ಹಾಕಿದಂತೆ, ಬೇಕಾದ ಆಕಾರದ ಪಟ್ಟಿಗಳಾಗಿ ಸೀಳಿ ತಯಾರಿಸುವುದು ಸಾಧ್ಯವಾಯಿತು. ಒಂದು ಮೈಯಲ್ಲಿ ಉದ್ದ ಪಟ್ಟಿ, ಇನ್ನೊಂದು ಮೈಯಲ್ಲಿ ಅಡ್ಡ ಪಟ್ಟಿ ಹಾಕಿದರೆ ಬಿದ್ದ ಜಾಗ ಚೌಕದಂತೆ ಸಿಗುತ್ತದೆ. ನಮ್ಮ ದೇಹದ ಕಾರ್ಬನ್ ನಕ್ಷತ್ರಗಳಲ್ಲಿ ಹುಟ್ಟಲು ಕಾರಣವಾದ, ಕಾರ್ಬನ್ ಬೀಜದ 7.65 ಎಂಇವಿಯ ಹಾಯ್ಲ್ ಎಂಬ ಉದ್ರಿಕ್ತ ಸ್ಥಿತಿ ಮೂರು ಆಲ್ಫಾಗಳಾಗಿ ಹೇಗೆ ಒಡೆಯುತ್ತದೆ ಎಂಬ ವಿವಾದವನ್ನು ಬಿಡಿಸಿದ್ದು ಇಂಥ ಬಿಲ್ಲೆಗಳು. ಕೋಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರದವರೂ ಅದರಲ್ಲಿ ಪಾಲುಗೊಂಡವರು.

ಕರ್ನಾಟಕದ ದೊಡ್ಡ ಪಾಲು ಇರುವುದೂ ಈ ಪಟ್ಟಿಗಳಲ್ಲೇ. ಜಿನೀವಾ ಬಳಿಯ ಸರ್ನ್‌ನ ಸಿಎಂಎಸ್ ಪ್ರಯೋಗಕ್ಕೆ ಪ್ರೀಶವರ್ ಎಂಬ ಭಾಗ ಬೇಕಾಗಿತ್ತು. ಅದರಲ್ಲಿ ಒಟ್ಟು 4,288 ಸಿಲಿಕಾನ್ ಬಿಲ್ಲೆಗಳು. ಒಂದೊಂದೂ 63 ಮಿಲಿಮೀಟರ್ ಚದರ, ಮೈಮೇಲೆ 32 ಪಟ್ಟಿ. ಇವುಗಳಲ್ಲಿ ಸುಮಾರು ಸಾವಿರ ಬಿಲ್ಲೆಗಳನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರ ವಿನ್ಯಾಸಗೊಳಿಸಿತು, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಿಇಎಲ್, ತಯಾರಿಸಿಕೊಟ್ಟಿತು. ಪ್ರೀಶವರ್ ಬಿಡಿಸಬೇಕಾದ ಗಂಟು ಬೆರಿಲಿಯಂ-8ರ ಗಂಟಿನ ಅಣ್ಣನೇ. ಹಿಗ್ಸ್ ಕಣ ಎರಡು ಫೋಟಾನ್‌ಗಳಾಗಿ ಒಡೆಯುವುದನ್ನು ಹುಡುಕುವಾಗ, ತಟಸ್ಥ ಪಯಾನ್ ಕೂಡ ಎರಡು ಫೋಟಾನ್ ಆಗಿ ಒಡೆದು, ಅವು ಒತ್ತೊತ್ತಾಗಿ ಬಂದು ಒಂದೇ ಫೋಟಾನ್‌ನಂತೆ ನಟಿಸುತ್ತವೆ. ಸೀಸದ ತಗಡಿನಲ್ಲಿ ಫೋಟಾನ್ ಹುಟ್ಟಿಸುವ ವಿದ್ಯುತ್ ಕಣಗಳ ಸುರಿಮಳೆಯನ್ನು ಸುಮಾರು ಎರಡು ಮಿಲಿಮೀಟರ್ ಅಗಲದ ಪಟ್ಟಿಗಳು ನೋಡಿ, ಬಂದದ್ದು ಒಂದೋ ಎರಡೋ ಎಂದು ಹೇಳಬೇಕು. 2012ರ ಜುಲೈ 4ರಂದು ಹಿಗ್ಸ್ ಸುದ್ದಿ ಬಂದಾಗ ನಮ್ಮ ಪತ್ರಿಕೆಗಳು ದೇವಕಣ ಎಂಬ ಹೆಸರಿನ ಸುತ್ತ ಪುಟ ತುಂಬಿಸಿದವು. ಬೆಂಗಳೂರಿನ ಕಾರ್ಖಾನೆಯಿಂದ ಹೋದ ಬಿಲ್ಲೆಗಳ ಬಗ್ಗೆ ಅದರ ಹತ್ತರಲ್ಲಿ ಒಂದು ಭಾಗ ಬರೆದಿದ್ದರೂ ಎಷ್ಟೋ ಹುಡುಗರಿಗೆ ದಾರಿ ಕಾಣುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಡಿಟೆಕ್ಟರ್ ದರ್ಜೆಯ ಬಿಲ್ಲೆ ಮಾಡುವುದು ಸಾಮಾನ್ಯ ಚಿಪ್ ಮಾಡುವುದಕ್ಕಿಂತ ಬೇರೆಯೇ ಕಸುಬು. ಅಂಗೈಯಷ್ಟು ಅಗಲದ ಬಿಲ್ಲೆಯ ಪೂರ್ತಿ ದಪ್ಪವೂ ಶುದ್ಧವಾಗಿರಬೇಕು, ನೂರಾರು ವೋಲ್ಟ್ ಹಾಕಿದರೂ ಸೋರುವ ಪ್ರವಾಹ ಅತ್ಯಲ್ಪವಾಗಿರಬೇಕು, 32 ಪಟ್ಟಿಗಳಲ್ಲಿ ಒಂದು ಕೆಟ್ಟರೂ ಬಿಲ್ಲೆ ತಿರಸ್ಕೃತವಾಗುವ ಭಯ.

ಟೆಲಿಸ್ಕೋಪ್‌ಗೆ ದಾಟಲಾಗದ ಇನ್ನೊಂದು ಗಡಿ ನಿಧಾನದ ಕಣ. ತೆಳು ಬಿಲ್ಲೆಯನ್ನು ತೂರದ ಕಣಕ್ಕೆ ಡೆಲ್ಟಾ-ಇ ಎಂಬುದೇ ಇಲ್ಲ. ಬಿಲ್ಲೆಯನ್ನು ಇನ್ನೂ ತೆಳು ಮಾಡಿದರೆ ದಪ್ಪ ಎಲ್ಲೆಡೆ ಸಮನಾಗಿ ಉಳಿಯದು. ಕಾರ್ಬನ್-12 ಮತ್ತು 13ರ ಗುರುತಿನ ಸಂಖ್ಯೆಗಳ ನಡುವೆ ಇರುವುದೇ ಎಂಟು ಶೇಕಡಾ ಅಂತರ. ಹತ್ತು ಮೈಕ್ರೋಮೀಟರಿನ ಬಿಲ್ಲೆಯಲ್ಲಿ ಅರ್ಧ ಮೈಕ್ರೋಮೀಟರ್ ಏರುಪೇರಾದರೆ ಪಟ್ಟೆಗಳು ಕಲಸಿಹೋಗುತ್ತವೆ. ಸುಮಾರು 10 ಮೈಕ್ರೋಮೀಟರಿನ ತೆಳು ಪದರವನ್ನೂ 300 ಮೈಕ್ರೋಮೀಟರಿನ ದಪ್ಪ ಪದರವನ್ನೂ ಒಂದೇ ಬಿಲ್ಲೆಯಲ್ಲಿ ಸೇರಿಸಿದ ಟೆಲಿಸ್ಕೋಪನ್ನು ಭಾಭಾ ಕೇಂದ್ರದವರು ಮಾಡಿ ತೋರಿಸಿದ್ದಾರೆ. ಒಡೆದುಹೋಗುವ ತೆಳು ಬಿಲ್ಲೆಯನ್ನು ಬಿಡಿಯಾಗಿ ಹಿಡಿಯುವ ಕಷ್ಟ ಅಲ್ಲಿಗೆ ತಪ್ಪಿತು.

ತೂರದವುಗಳಿಗೆ ಗಡಿಯಾರವನ್ನು ಸಾಕ್ಷಿಗೆ ಕರೆಯುವುದು ಇನ್ನೊಂದು ದಾರಿ. ಒಂದು ಮೀಟರ್ ದೂರವನ್ನು 5 ಎಂಇವಿಯ ಪ್ರೋಟಾನ್ ಸುಮಾರು 32 ನ್ಯಾನೋಸೆಕೆಂಡಿನಲ್ಲಿ ಮುಗಿಸುತ್ತದೆ, ಡ್ಯೂಟೆರಾನ್‌ಗೆ 46 ಬೇಕು, ಆಲ್ಫಾಗೆ 64ರ ಮೇಲೆ. ಶಕ್ತಿ ಮತ್ತು ಸಮಯ ಗೊತ್ತಾದರೆ ದ್ರವ್ಯರಾಶಿ ತಾನಾಗಿ ಸಿಗುತ್ತದೆ. ಆದರೆ ಈ ದಾರಿ ಆವೇಶದ ವಿಷಯದಲ್ಲಿ ಕುರುಡು. ಟ್ರೈಟಾನ್ ಮತ್ತು ಹೀಲಿಯಂ-3 ಎರಡರ ದ್ರವ್ಯರಾಶಿಯೂ 3 ಆದ್ದರಿಂದ ಗಡಿಯಾರಕ್ಕೆ ಎರಡೂ ಒಂದೇ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಮೂರನೆಯ ದಾರಿ. 1963ರಲ್ಲಿ ಅಮ್ಮರ್ಲಾನ್ ಮತ್ತು ಸಂಗಡಿಗರು, ಒಂದೇ ಬಿಲ್ಲೆಯೊಳಗೆ ಎರಡನೆಯ ಸಾಕ್ಷಿ ಅಡಗಿದೆ ಎಂದು ತೋರಿಸಿದರು: ವಿದ್ಯುತ್ ಸಂಕೇತದ ಆಕಾರ. ಭಾರದ ಕಣ ತನ್ನ ಚಿಕ್ಕ ದಾರಿಯಲ್ಲಿ ಎಲೆಕ್ಟ್ರಾನ್-ರಂಧ್ರಗಳನ್ನು ಎಷ್ಟು ದಟ್ಟವಾಗಿ ಹುಟ್ಟಿಸುತ್ತದೆಂದರೆ ಆ ರಾಶಿಯೊಳಕ್ಕೆ ಹೊರಗಿನ ವಿದ್ಯುತ್ ಕ್ಷೇತ್ರ ನುಗ್ಗಲು ಸ್ವಲ್ಪ ಹೊತ್ತು ಬೇಕು. ಸಂಕೇತ ತಡವಾಗಿ ಏರುತ್ತದೆ. ಹಗುರ ಕಣದ ಜಾಡು ವಿರಳ, ಸಂಕೇತ ಚುರುಕು. ಬಿಲ್ಲೆಯನ್ನು ತಿರುಗಿಸಿ, ಕ್ಷೇತ್ರ ದುರ್ಬಲವಿರುವ ಹಿಂಬದಿಯಿಂದ ಕಣ ಹೊಗುವಂತೆ ಮಾಡಿದರೆ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಮೂವತ್ತು ವರ್ಷ ಇದು ಬದಿಯಲ್ಲೇ ಉಳಿದಿದ್ದು ಸಿಲಿಕಾನ್‌ನ ಅಶಿಸ್ತಿನಿಂದ. ಬೆರಕೆಯ ಧಾತು ಎಲ್ಲೆಡೆ ಸಮನಾಗಿ ಹರಡದಿದ್ದರೆ ಬಿದ್ದ ಜಾಗಕ್ಕೊಂದು ಆಕಾರ ಬರುತ್ತದೆ. ಅದಕ್ಕೆ ಬಂದ ಪರಿಹಾರ ಅಚ್ಚರಿಯದು: ಶುದ್ಧ ಸಿಲಿಕಾನನ್ನು ರಿಯಾಕ್ಟರ್‌ನಲ್ಲಿಟ್ಟು ನ್ಯೂಟ್ರಾನ್ ಸುರಿಸುವುದು. ಸಿಲಿಕಾನ್-30 ಒಂದು ನ್ಯೂಟ್ರಾನ್ ನುಂಗಿ, ಕ್ಷಯಿಸಿ, ರಂಜಕ-31 ಆಗುತ್ತದೆ. ಬೆರಕೆ ಹೊರಗಿನಿಂದ ಬರದೆ ಒಳಗೇ, ಎಲ್ಲೆಡೆ ಸಮನಾಗಿ ಹುಟ್ಟುತ್ತದೆ. ಯೂರೋಪಿನ ಫಾಝಿಯಾ ತಂಡ ಇಂಥ ಸಿಲಿಕಾನನ್ನು ಸ್ಫಟಿಕದ ಅಕ್ಷದಿಂದ ಏಳೆಂಟು ಡಿಗ್ರಿ ಓರೆಯಾಗಿ ಕೊಯ್ಯಿಸಿತು. ನೇರ ಕೊಯ್ದರೆ ಪರಮಾಣು ಸಾಲುಗಳ ನಡುವಿನ ಓಣಿಯಲ್ಲಿ ಕೆಲವು ಕಣಗಳು ಸಲೀಸಾಗಿ ಜಾರಿ ಲೆಕ್ಕ ಕೆಡಿಸುತ್ತವೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಕಣ ಕನಿಷ್ಠ ಕೆಲವು ಹತ್ತು ಮೈಕ್ರೋಮೀಟರ್ ಒಳಹೋದರೆ ಮಾತ್ರ ಆಕಾರ ಮಾತಾಡುತ್ತದೆ. ಅದಕ್ಕೂ ಮೊದಲೇ ನಿಂತ ಭಾರದ ಕಣದ ಆವೇಶ ಹೇಳುವುದು ಇನ್ನೂ ಬಿಡಿಸದ ಕಗ್ಗಂಟು.

ಬಿಲ್ಲೆಗಳನ್ನು ಗುಡ್ಡೆಯಾಗಿ ಪೇರಿಸುವ ಟೆಲಿಸ್ಕೋಪ್ ಬಾಹ್ಯಾಕಾಶದಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ 1997ರಲ್ಲಿ ಹಾರಿದ ಅಮೆರಿಕದ ಏಸ್ ನೌಕೆ ಸಾಕ್ಷಿ. ಹದಿನೇಳು ವರ್ಷಗಳಲ್ಲಿ ಅದರ ಸಿಲಿಕಾನ್ ಗುಡ್ಡೆ ಲಕ್ಷಗಟ್ಟಲೆ ಕಬ್ಬಿಣದ ಬೀಜಗಳನ್ನು ಹಿಡಿಯಿತು. ಅವುಗಳಲ್ಲಿ ಹದಿನೈದು ಮಾತ್ರ ಕಬ್ಬಿಣ-60. ಅದರ ಅರ್ಧಾಯು 26 ಲಕ್ಷ ವರ್ಷ ಆದ್ದರಿಂದ, ವಿಶ್ವಕಿರಣಗಳನ್ನು ಹುಟ್ಟಿಸಿದ ನಕ್ಷತ್ರಸ್ಫೋಟ ನಮ್ಮ ನೆರೆಯಲ್ಲಿ, ಈಚಿನ ಕೆಲವು ದಶಲಕ್ಷ ವರ್ಷಗಳಲ್ಲಿ ಆಗಿರಬೇಕು ಎಂದು 2016ರಲ್ಲಿ ಹೇಳಿದರು. ದ್ರವ್ಯರಾಶಿಯ ಅಳತೆ ಒಂದು ಘಟಕ ತಪ್ಪಿದ್ದರೂ ಆ ಮಾತು ನಿಲ್ಲುತ್ತಿರಲಿಲ್ಲ. ಏಸ್ ಇರುವ, ಭೂಮಿ-ಸೂರ್ಯರ ನಡುವಿನ ಎಲ್-1 ಬಿಂದುವಿನ ಸುತ್ತಲೇ ಈಗ ನಮ್ಮ ಆದಿತ್ಯ ನೌಕೆಯೂ ಇದೆ. ಅದರ ಆಸ್ಪೆಕ್ಸ್ ಉಪಕರಣದ ಸ್ಟೆಪ್ಸ್ ಭಾಗವನ್ನು ಅಹಮದಾಬಾದಿನ ಭೌತ ಸಂಶೋಧನಾಲಯ ರೂಪಿಸಿದೆ. ಪ್ರತಿ ನ್ಯೂಕ್ಲಿಯಾನ್‌ಗೆ 20 ಕೆಇವಿಯಿಂದ 5 ಎಂಇವಿವರೆಗಿನ ಸೂರ್ಯನ ಕಣಗಳನ್ನು ಅದು ಅಳೆಯುತ್ತದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಇನ್ನೂ ಭೂಮಿಯ ಸುತ್ತ ತಿರುಗುತ್ತಿದ್ದಾಗಲೇ, ಸೆಪ್ಟೆಂಬರ್ 10ರಂದು, ಸ್ಟೆಪ್ಸ್ ಕೆಲಸ ಶುರುಮಾಡಿತ್ತು.

ಕಣಗಳನ್ನು ಗುರುತಿಸುತ್ತಾ ಗುರುತಿಸುತ್ತಾ ಸಿಲಿಕಾನ್ ತಾನೇ ಸವೆಯುತ್ತದೆ. ಬಿದ್ದ ಕಣ ಸ್ಫಟಿಕದ ಪರಮಾಣುಗಳನ್ನು ಅವುಗಳ ಜಾಗದಿಂದ ಕದಲಿಸುತ್ತದೆ, ಸೋರುವ ಪ್ರವಾಹ ಏರುತ್ತದೆ, ಪಟ್ಟೆಗಳು ಮಬ್ಬಾಗುತ್ತವೆ. ವಿದಳನದ ಹೋಳುಗಳು ಮಾಡುವ ಗಾಯ ಎಲ್ಲಕ್ಕಿಂತ ಆಳ. ಭಾರದ ಅಯಾನುಗಳು ಅರೆವಾಹಕ ಸಾಧನಗಳನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದವರು ದೆಹಲಿಯ ಪೆಲೆಟ್ರಾನ್ ವೇಗವರ್ಧಕ ಬಳಸಿ ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಮೈಸೂರಿಗೂ ಈ ವಿಷಯಕ್ಕೂ ಇರುವ ನೇರ ನಂಟು ಇದು. ಇನ್ನೂ ಬೆಳೆಯಬೇಕಾದ ನಂಟು.

ಬೆಳೆಸಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಅಮೆರಿಸಿಯಂ-241ರ ಒಂದು ಪುಟ್ಟ ಆಕರ, ಅದರ ಮುಂದೆ ಆಲ್ಫಾಗಳನ್ನು ಪೂರ್ತಿ ತಡೆಯುವಷ್ಟು, ಸುಮಾರು ನಲವತ್ತು ಮೈಕ್ರೋಮೀಟರ್, ಪಾಲಿಥೀನ್ ಹಾಳೆ, ಅದರ ಹಿಂದೆ ಒಂದು ತೆಳು, ಒಂದು ದಪ್ಪ ಬಿಲ್ಲೆ. ಎಲ್ಲವೂ ನಿರ್ವಾತದ ಡಬ್ಬಿಯಲ್ಲಿ. ಆಲ್ಫಾ ಹಾಳೆಯಲ್ಲೇ ನಿಲ್ಲುತ್ತದೆ, ಆದರೆ ಅಪರೂಪಕ್ಕೊಮ್ಮೆ ಅದು ಪಾಲಿಥೀನ್‌ನ ಹೈಡ್ರೋಜನ್ ಬೀಜಕ್ಕೆ ನೇರ ಡಿಕ್ಕಿ ಹೊಡೆದು 3.5 ಎಂಇವಿವರೆಗಿನ ಪ್ರೋಟಾನನ್ನು ಮುಂದೆ ಚಿಮ್ಮಿಸುತ್ತದೆ. 1914ರಲ್ಲಿ ಮಾರ್ಸ್‌ಡೆನ್ ಹೈಡ್ರೋಜನ್ ಅನಿಲದಲ್ಲಿ ಕಂಡದ್ದು ಇದನ್ನೇ. ಗಂಟೆಗಟ್ಟಲೆ ಕಾಯಬೇಕು. ಮೊದಲು ಹಾಳೆ ತೆಗೆದು ಆಲ್ಫಾಗಳ ಜಾಗವನ್ನು ಪರದೆಯಲ್ಲಿ ಗುರುತು ಮಾಡಿಕೊಂಡು, ಆಮೇಲೆ ಹಾಳೆ ಹಾಕಿ ಬಿಟ್ಟರೆ, ಬೇರೆ ಕಡೆ ತೀರ ಕೆಳಗೆ ಇನ್ನೊಂದು ಪಟ್ಟೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಪಿರಿಯಾಪಟ್ಟಣದಿಂದಲೋ ಎಚ್.ಡಿ. ಕೋಟೆಯಿಂದಲೋ ಬಂದು ಎಂಎಸ್ಸಿ ಓದುವ ಹುಡುಗಿಯೊಬ್ಬಳು ಅದು ಪ್ರೋಟಾನ್ ಎಂದು ಪುಸ್ತಕದ ಮಾತಿನಿಂದ ಹೇಳದೆ, ತನ್ನ ಎರಡು ಬಿಲ್ಲೆಗಳ ಅಳತೆಯಿಂದ ಹೇಳುವಂತಾಗಲು ನಮ್ಮ ವಿಶ್ವವಿದ್ಯಾಲಯಗಳು ಖರೀದಿಸಬೇಕಾದ ಮುಖ್ಯ ಸಾಮಾನು ಈಗಿರುವ ಆಲ್ಫಾ ಡಿಟೆಕ್ಟರ್‌ನ ಮುಂದೆ ನಿಲ್ಲಿಸುವ ಒಂದು ತೆಳು ಬಿಲ್ಲೆ.